ಊರ ಕಲ್ಯಾಣಿಯ ಕಪ್ಪು ಕಲೆ ಮತ್ತು ಕೆಟ್ಟ ನೀರು: ಕಾರಣ ಪತ್ತೆ ಮಾಡುವ ಬಗೆ



ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಹಿರಿಯರು ಕಟ್ಟಿಸಿದ ಕಲ್ಯಾಣಿಯೋ, ಪುಷ್ಕರಣಿಯೋ, ಮೆಟ್ಟಿಲ ಬಾವಿಯೋ ಇದೆ. ಮನೆಗೆ ನಲ್ಲಿ ಬಂದ ಮೇಲೆ, ಹೊಲಕ್ಕೆ ಕೊಳವೆ ಬಾವಿ ಬಂದ ಮೇಲೆ, ಅವುಗಳ ಕಡೆ ನೋಡುವವರು ಕಡಿಮೆಯಾದರು. ಮೆಟ್ಟಿಲ ಸಂದಿಯಲ್ಲಿ ಅರಳಿಯ ಸಸಿ ಹುಟ್ಟಿತು, ತಳದಲ್ಲಿ ಹೂಳು ತುಂಬಿತು, ಗೋಡೆಯ ಕಲ್ಲು ಕಪ್ಪಾಯಿತು, ನೀರು ಹಸಿರಾಯಿತು. ಆದರೂ ಬೇಸಿಗೆಯ ರಜ ಬಂತೆಂದರೆ ಹುಡುಗರು ಈಜುವುದು ಅಲ್ಲಿಯೇ. ದನಕ್ಕೆ ನೀರು ಕುಡಿಸುವುದು, ಬಟ್ಟೆ ಒಗೆಯುವುದು ಅಲ್ಲಿಯೇ. ಮಳೆ ಕೈಕೊಟ್ಟ ವರ್ಷ ಊರಿಗೆ ನೆನಪಾಗುವುದೂ ಅದೇ ನೀರು.

ಹಬ್ಬವೋ ಜಾತ್ರೆಯೋ ಹತ್ತಿರ ಬಂದಾಗ ಊರಿನವರು ಕಲ್ಯಾಣಿಯನ್ನು ಶುದ್ಧಮಾಡಲು ಹೊರಡುವುದುಂಟು. ಒಬ್ಬರು ಬ್ಲೀಚಿಂಗ್ ಪುಡಿಯ ಚೀಲವನ್ನೇ ಸುರಿಯುತ್ತಾರೆ. ಇನ್ನೊಬ್ಬರು ತಂತಿ ಬ್ರಷ್ ಹಿಡಿದು ಕಲ್ಲು ಉಜ್ಜುತ್ತಾರೆ. ಮತ್ತೊಬ್ಬರು ಪಂಪು ಇಟ್ಟು ರಾತ್ರಿ ಬೆಳಗಾಗುವುದರೊಳಗೆ ನೀರು ಬತ್ತಿಸುತ್ತಾರೆ. ಎರಡು ತಿಂಗಳಾಗುವುದರಲ್ಲಿ ಅದೇ ಕಲೆ, ಅದೇ ಹಸಿರು, ಅದೇ ನಾತ ಮರಳಿ ಬರುತ್ತದೆ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕಲೆಯೇ ರೋಗವಲ್ಲ, ಅದು ರೋಗದ ಗುರುತು. ದನ ಮೇವು ಬಿಟ್ಟರೆ ನೀವು ಅದರ ಮೂಗು, ಕಿವಿ, ಸಗಣಿ ನೋಡಿ ಆಮೇಲೆ ಔಷಧ ಯೋಚಿಸುತ್ತೀರಿ. ನೀರಿನ ವಿಷಯದಲ್ಲಿಯೂ ಹಾಗೆಯೇ ಮಾಡತಕ್ಕದ್ದು. ಇದಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಎರಡು ಗಾಜಿನ ಸೀಸೆ, ಒಂದು ಕೋಲು, ಒಂದು ನಿಂಬೆಹಣ್ಣು, ನಾಲ್ಕು ಸೀಬೆ ಎಲೆ, ಒಂದು ಚಮಚ ಬ್ಲೀಚಿಂಗ್ ಪುಡಿ ಇಷ್ಟಿದ್ದರೆ ಸಾಕು.

ಎಲ್ಲಕ್ಕೂ ಮೊದಲು ಜೀವ

ಪರೀಕ್ಷೆಗೆ ಇಳಿಯುವ ಮುಂಚೆ ಈ ಮಾತುಗಳನ್ನು ಮನಸ್ಸಿನಲ್ಲಿಡಿ.

ಪಾಚಿ ಹಿಡಿದ ಮೆಟ್ಟಿಲು ಎಣ್ಣೆ ಸವರಿದಂತೆ ಜಾರುತ್ತದೆ. ಈಜು ಬಲ್ಲವರಾದರೂ ಒಬ್ಬರೇ ಹೋಗಬಾರದು. ದಡದಲ್ಲಿ ಇನ್ನೊಬ್ಬರು ಹಗ್ಗ ಹಿಡಿದು ನಿಂತಿರಬೇಕು.

ಆಳವಾದ, ಬಾಯಿ ಕಿರಿದಾದ ಬಾವಿಯಾದರೆ ಅಪಾಯ ಇನ್ನೂ ಹೆಚ್ಚು. ಬಹುಕಾಲ ಕದಡದೆ ಇದ್ದ ಹೂಳಿನಿಂದ ವಿಷಗಾಳಿ ಹೊರಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರ ಒಂದು ಗುರುತು. ಆದರೆ ಈ ಗಾಳಿ ದಟ್ಟವಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುವುದರಿಂದ, ವಾಸನೆ ನಿಂತಿತೆಂದು ಅಪಾಯ ಹೋಯಿತೆಂದು ತಿಳಿಯಕೂಡದು. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ನಂಬಿ ಇಳಿಯುವುದೂ ಸಲ್ಲದು. ದೀಪ ಆರಿದರೆ ಉಸಿರಾಟದ ಗಾಳಿ ಕಡಿಮೆ ಎಂದು ಗೊತ್ತಾಗುತ್ತದೆ, ನಿಜ. ಆದರೆ ದೀಪ ಉರಿಯುತ್ತಿದ್ದರೂ ವಿಷಗಾಳಿ ಇರಬಹುದು. ಕೆಲವು ಗಾಳಿಗಳು ದೀಪಕ್ಕೆ ಹತ್ತಿಕೊಂಡು ಉರಿಯಲೂಬಹುದು. ಡೀಸೆಲ್ ಅಥವಾ ಪೆಟ್ರೋಲ್ ಎಂಜಿನನ್ನು ಬಾವಿಯೊಳಗೆ ಇಳಿಸಿ ನಡೆಸಬೇಡಿ. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಇನ್ನೊಂದು ವಿಷಗಾಳಿ ಇದೆ.

ಒಳಗೆ ಇಳಿದವನು ಕುಸಿದರೆ ಅವನನ್ನು ಎತ್ತಲು ಇನ್ನೊಬ್ಬ ಧುಮುಕುವುದು, ಅವನ ಹಿಂದೆ ಮೂರನೆಯವನು ಧುಮುಕುವುದು, ಹೀಗೆಯೇ ಒಂದು ಸಾವು ಮೂರಾಗುತ್ತದೆ. ಮೊದಲೇ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದರೆ ಮೇಲಿನಿಂದಲೇ ಎಳೆಯಬಹುದು. ಹಗ್ಗವಿಲ್ಲದಿದ್ದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಿ. ಈ ಲೇಖನದಲ್ಲಿ ಹೇಳಿರುವ ಯಾವ ಪರೀಕ್ಷೆಗೂ ಆಳಕ್ಕೆ ಇಳಿಯುವ ಅಗತ್ಯವಿಲ್ಲ. ಎಲ್ಲವನ್ನೂ ದಡದಲ್ಲಿಯೇ ಮಾಡಬಹುದು.

ಕಲೆ ಎಲ್ಲಿದೆ ಎಂದು ನೋಡಿ

ಕಲೆಯನ್ನು ಮುಟ್ಟುವ ಮೊದಲು ದೂರ ನಿಂತು ಅದರ ಆಕಾರವನ್ನು ನೋಡಬೇಕು. ಅರ್ಧ ಕಾರಣ ಅಲ್ಲಿಯೇ ತಿಳಿಯುತ್ತದೆ.

ಗೋಡೆಯ ಸುತ್ತ ದಾರ ಕಟ್ಟಿದಂತೆ ಒಂದೇ ಮಟ್ಟದಲ್ಲಿ ಪಟ್ಟಿಯಿದ್ದರೆ, ಅದು ನೀರಿನ ಮಟ್ಟ ಬಹುಕಾಲ ನಿಂತ ಗುರುತು. ಆ ಕಲೆ ನೀರಿನಿಂದ ಬಂದದ್ದು.

ಮೇಲಿನಿಂದ ಕೆಳಕ್ಕೆ ಜಡೆ ಇಳಿಬಿಟ್ಟಂತೆ ಗೆರೆಗಳಿದ್ದರೆ, ಅದು ಮಳೆಯ ನೀರು ಹರಿದು ಬರುವ ದಾರಿ. ಆ ಕಲೆಗೆ ಕಲ್ಯಾಣಿಯ ನೀರು ಕಾರಣವಲ್ಲ.

ಗೋಡೆಯ ನಡುವೆ ಒಂದು ಸಂದಿಯಿಂದ ಕಲೆ ಹೊರಟು ಕೆಳಗೆ ಹರಡಿದ್ದರೆ, ಅಲ್ಲಿ ಒರತೆ ಇದೆ. ಅಂತರ್ಜಲವು ತನ್ನೊಡನೆ ಏನನ್ನೋ ತರುತ್ತಿದೆ.

ಮೆಟ್ಟಿಲ ಮೇಲೆ ಮಚ್ಚೆ ಮಚ್ಚೆಯಾಗಿ, ಎಲೆಯ ಅಚ್ಚು ಬಿದ್ದಂತೆ ಇದ್ದರೆ, ಮೇಲೆ ಮರವಿದೆಯೇ ನೋಡಿ.

ಕಲ್ಲು ಹೊಸದಾಗಿ ಒಡೆದ ಕಡೆಯಲ್ಲಿಯೂ ಒಳಗೆ ಅದೇ ಕಪ್ಪಿದ್ದರೆ, ಅದು ಕಲೆಯೇ ಅಲ್ಲ, ಕಲ್ಲಿನ ಸಹಜ ಬಣ್ಣ. ಹಂಪಿಯಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲ ಕೊಳ ಕರಿಯ ಕಲ್ಲಿನದೇ. ಅಂಥ ಕಲ್ಲನ್ನು ಬೆಳ್ಳಗೆ ಮಾಡಲು ಉಜ್ಜುವುದು ಬರಿಯ ಶ್ರಮ.

ಕಪ್ಪು ಕಲೆಯಲ್ಲಿ ಐದು ಬಗೆ

ಒಂದನೆಯದು ಪಾಚಿಯ ಕಪ್ಪು. ಮಳೆಯ ನೀರು ಇಳಿಯುವ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಪದರವಾಗಿ ಬೆಳೆಯುತ್ತವೆ. ಬಿಸಿಲಿನಿಂದ ಕಾಪಾಡಿಕೊಳ್ಳಲು ಅವು ಮೈಮೇಲೆ ಕಡುಬಣ್ಣ ಕಟ್ಟಿಕೊಳ್ಳುತ್ತವೆ. ದೇವಸ್ಥಾನದ ಗೋಪುರ, ಊರಬಾಗಿಲು, ಹಳೆಯ ಬಂಡೆಗಳು ಮಳೆಗಾಲದ ನಂತರ ಕಪ್ಪಾಗುವುದು ಬಹುಮಟ್ಟಿಗೆ ಇದರಿಂದಲೇ. ನೀರು ತಾಕಿದಾಗ ಇದು ಜಾರುತ್ತದೆ, ಒಣಗಿದಾಗ ಹೊಪ್ಪಳಿಕೆಯಂತೆ ಏಳುತ್ತದೆ.

ಎರಡನೆಯದು ಎಲೆಯ ಕಪ್ಪು. ಹಿಂದೆ ಲೆಕ್ಕದ ಪುಸ್ತಕ ಬರೆಯಲು ಅಳಲೆಕಾಯಿಯ ಒಗರು ರಸಕ್ಕೆ ಕಬ್ಬಿಣದ ಉಪ್ಪು ಸೇರಿಸಿ ಶಾಯಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಕಲ್ಯಾಣಿಯಲ್ಲಿಯೂ ಇದೇ ನಡೆಯುತ್ತದೆ. ಎಲೆ, ತೊಗಟೆ, ಕಾಯಿಗಳು ನೀರಿನಲ್ಲಿ ಕೊಳೆತು ಒಗರು ಬಿಡುತ್ತವೆ. ನೀರಿನಲ್ಲಿ ಅಥವಾ ಕಲ್ಲಿನಲ್ಲಿ ಕಬ್ಬಿಣದ ಅಂಶವಿದ್ದರೆ ಎರಡೂ ಕೂಡಿ ಶಾಯಿಯಾಗಿ ಕಲ್ಲಿಗೆ ಹಿಡಿಯುತ್ತದೆ.

ಮೂರನೆಯದು ಖನಿಜದ ಕಪ್ಪು. ನೆಲದೊಳಗಿನ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್‌ಗಳು ಕರಗಿರುತ್ತವೆ. ಅಲ್ಲಿರುವ ತನಕ ನೀರು ತಿಳಿಯಾಗಿಯೇ ಕಾಣುತ್ತದೆ. ಹೊರಗಿನ ಗಾಳಿ ಸೋಕಿದಾಗ ಕಬ್ಬಿಣ ಇಟ್ಟಿಗೆಯ ಬಣ್ಣವಾಗಿಯೂ ಮ್ಯಾಂಗನೀಸ್ ಕಾಡಿಗೆಯ ಬಣ್ಣವಾಗಿಯೂ ಹೊರಬೀಳುತ್ತವೆ. ಸಂಡೂರಿನಂತಹ ಅದಿರಿನ ಸೀಮೆಯವರಿಗೆ ಇದರ ಪರಿಚಯ ಹೆಚ್ಚು. ಒರತೆಯ ಬಾಯಲ್ಲಿ ಕಂದು, ಅದರಾಚೆ ಕಪ್ಪು ಕಂಡರೆ ಇದನ್ನೇ ಮೊದಲು ಶಂಕಿಸಬೇಕು.

ನಾಲ್ಕನೆಯದು ಕೊಳೆತ ಹೂಳಿನ ಕಪ್ಪು. ತಳಕ್ಕೆ ಬಿದ್ದ ಎಲೆ, ಹೂವು, ಸಗಣಿ ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಆಮೇಲೆ ಆಮ್ಲಜನಕವಿಲ್ಲದೆ ಬದುಕುವ ಜೀವಿಗಳು ಕೆಲಸ ಮಾಡಿ ಗಂಧಕದ ದುರ್ಗಾಳಿಯನ್ನು ಹುಟ್ಟಿಸುತ್ತವೆ. ಅದು ಮಣ್ಣಿನ ಕಬ್ಬಿಣದೊಡನೆ ಕೂಡಿ ಕಾಡಿಗೆಯಂತಹ ಕೆಸರಾಗುತ್ತದೆ. ಕೊಳೆತ ಮೊಟ್ಟೆಯ ನಾತವೇ ಇದರ ಸಾಕ್ಷಿ.

ಐದನೆಯದು ಮಸಿ ಮತ್ತು ಎಣ್ಣೆಯ ಕಪ್ಪು. ದೀಪ ಹಚ್ಚುವ ಗೂಡು, ಕರ್ಪೂರ ಉರಿಸುವ ಕಟ್ಟೆ, ಪಂಪಿನ ಎಂಜಿನ್ ಇಟ್ಟ ಜಾಗ, ಇವುಗಳ ಹತ್ತಿರ ಮಾತ್ರ ಇದು ಇರುತ್ತದೆ. ಬೆರಳಿಗೆ ಅಂಟುತ್ತದೆ.

ಕಲೆಯ ಪರೀಕ್ಷೆ

ಅಂಗೈಯಷ್ಟು ಜಾಗವನ್ನು, ಅದೂ ಕಣ್ಣಿಗೆ ಬೀಳದ ಮೂಲೆಯಲ್ಲಿ, ಆರಿಸಿಕೊಳ್ಳಿ. ಈ ಕ್ರಮದಲ್ಲಿ ನೋಡಿ.

ಮೊದಲು ಉಗುರು. ತೇವ ಮಾಡಿ ಉಗುರಿನಿಂದ ಕೆರೆದಾಗ ಲೋಳೆಯಾಗಿ ಹಸಿರು ಛಾಯೆ ಬಂದರೆ ಪಾಚಿ. ಎಣ್ಣೆಯ ಜಿಡ್ಡು ಬಂದರೆ ಮಸಿ. ಏನೂ ಬಾರದಿದ್ದರೆ ಮುಂದಕ್ಕೆ ಹೋಗಿ.

ಎರಡನೆಯದಾಗಿ ಬ್ಲೀಚಿಂಗ್ ನೀರು. ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕದಡಿ, ತಿಳಿಯನ್ನು ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಹತ್ತು ನಿಮಿಷ ಇಡಿ. ಕೈಗೆ ರಬ್ಬರ್ ಚೀಲ ಹಾಕಿಕೊಂಡಿರಬೇಕು. ಬಣ್ಣ ಮಾಸಿದರೆ ಅದು ಜೀವದಿಂದ ಬಂದ ಕಲೆ, ಎಂದರೆ ಪಾಚಿ ಅಥವಾ ಎಲೆ. ಮಾಸದಿದ್ದರೆ ಖನಿಜ.

ಮೂರನೆಯದಾಗಿ ನಿಂಬೆರಸ. ಇದನ್ನು ಬೇರೆ ಜಾಗದಲ್ಲಿ ಮಾಡಬೇಕು. ಬ್ಲೀಚಿಂಗ್ ಹಚ್ಚಿದ ಜಾಗಕ್ಕೆ ನಿಂಬೆರಸ, ವಿನಿಗರ್, ಆಸಿಡ್ ಯಾವುದನ್ನೂ ತಾಕಿಸಕೂಡದು. ಎರಡೂ ಕೂಡಿದರೆ ಕ್ಲೋರಿನ್ ವಿಷಗಾಳಿ ಹುಟ್ಟುತ್ತದೆ. ನಿಂಬೆರಸ ಬಿದ್ದಲ್ಲಿ ನೊರೆ ಎದ್ದರೆ ಅಲ್ಲಿ ಸುಣ್ಣದ ಹೊರೆ ಇದೆ. ನೊರೆಯಿಲ್ಲದೆ ಕಂದು ಕಲೆ ನಿಧಾನವಾಗಿ ತಿಳಿಯಾದರೆ ಕಬ್ಬಿಣದ ತುಕ್ಕು. ಎಲೆಯ ಶಾಯಿಯ ಕಲೆಯೂ ನಿಂಬೆಗೆ ಸ್ವಲ್ಪ ಬಗ್ಗುತ್ತದೆ. ಬ್ಲೀಚಿಂಗ್‌ಗೂ ನಿಂಬೆಗೂ ಬಗ್ಗದ ಗಟ್ಟಿ ಕಪ್ಪು ಪದರ ಹೆಚ್ಚಾಗಿ ಮ್ಯಾಂಗನೀಸಿನದು.

ಕೊಳೆತ ಹೂಳನ್ನು ಗುರುತಿಸಲು ಇನ್ನೂ ಸುಲಭವಾದ ಉಪಾಯ ಉಂಟು. ಉದ್ದ ಕೋಲಿನಿಂದ ಒಂದು ಹಿಡಿ ಕೆಸರು ತೆಗೆದು ಹಲಗೆಯ ಮೇಲೆ ತೆಳ್ಳಗೆ ಹರಡಿ ಗಾಳಿಯಲ್ಲಿ ಬಿಡಿ. ಒಂದೆರಡು ದಿನದಲ್ಲಿ ಮೇಲ್ಮೈಯ ಕಪ್ಪು ಹೋಗಿ ಬೂದು ಅಥವಾ ಕಂದು ಬಣ್ಣ ಬಂದರೆ ಅದು ಗಾಳಿಯಿಲ್ಲದೆ ಕಪ್ಪಾದ ಹೂಳು. ಅಂಥ ಕಡೆ ಉಜ್ಜುವುದರಿಂದ ಪ್ರಯೋಜನವಿಲ್ಲ, ಹೂಳೆತ್ತುವುದೇ ಔಷಧ.

ನೀರಿನ ಪರೀಕ್ಷೆ

ಬಿಳಿಯ ಗಾಜಿನ ಸೀಸೆಯಲ್ಲಿ ನೀರು ತುಂಬಿ, ತುಂಬಿದ ಕೂಡಲೆ ಒಮ್ಮೆ, ಮಾರನೆಯ ದಿನ ಒಮ್ಮೆ ನೋಡಿ.

ತುಂಬಿದಾಗ ಬಗ್ಗಡ, ಮಾರನೆಯ ದಿನ ಮೇಲೆ ತಿಳಿ ಕೆಳಗೆ ಮಣ್ಣು ಇದ್ದರೆ, ಹೊಲದ ಅಥವಾ ರಸ್ತೆಯ ಮಣ್ಣು ಮಳೆಯಲ್ಲಿ ಕೊಚ್ಚಿ ಬರುತ್ತಿದೆ.

ತುಂಬಿದಾಗ ತಿಳಿ, ಕೆಲವು ಗಂಟೆಗಳಲ್ಲಿ ಕೆಂಪಾಗಿ ತಳದಲ್ಲಿ ತುಕ್ಕಿನ ಪುಡಿ ನಿಂತರೆ, ನೀರಿನಲ್ಲಿ ಕಬ್ಬಿಣವಿದೆ. ಸಂದೇಹವಿದ್ದರೆ ಇನ್ನೊಂದು ಲೋಟ ನೀರಿಗೆ ಎಳೆಯ ಸೀಬೆ ಎಲೆಗಳನ್ನು ಜಜ್ಜಿ ಹಾಕಿ. ನೀರು ನೇರಳೆ ಅಥವಾ ಶಾಯಿಯ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಖಂಡಿತ. ಸೀಬೆ ಎಲೆಯ ಒಗರಿಗೂ ಅಳಲೆಕಾಯಿಯ ಒಗರಿಗೂ ಗುಣ ಒಂದೇ.

ಚಹದ ಬಣ್ಣವಿದ್ದು, ಎಷ್ಟು ದಿನವಿಟ್ಟರೂ ತಳದಲ್ಲಿ ಏನೂ ನಿಲ್ಲದಿದ್ದರೆ, ಅದು ಎಲೆಯ ಕಷಾಯ.

ಹಸಿರಿದ್ದರೆ ಯಾವ ಹಸಿರು ಎಂದು ತಿಳಿಯಬೇಕು. ಕೋಲಿನಿಂದ ಎತ್ತಿದಾಗ ಕೂದಲಿನಂತೆ ಎಳೆ ಎಳೆಯಾಗಿ ನೇತಾಡಿದರೆ ಸಾಮಾನ್ಯ ಪಾಚಿ. ಅದು ಅಸಹ್ಯವಾದರೂ ವಿಷವಲ್ಲ. ಕೋಲನ್ನು ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದಂತೆ ಕಂಡರೆ ನೀಲಿ-ಹಸಿರು ಪಾಚಿಯ ಸಂಶಯ ಉಂಟು. ಸೀಸೆಯ ಮುಕ್ಕಾಲು ತುಂಬಿ ರಾತ್ರಿಯಿಟ್ಟರೆ ಇದು ಕೆನೆಯಂತೆ ಮೇಲೆ ಬಂದು ನಿಲ್ಲುತ್ತದೆ. ಈ ಜಾತಿಯಲ್ಲಿ ಕೆಲವು ವಿಷ ಬಿಡುತ್ತವೆ. ಇಂಥ ನೀರು ಕುಡಿದು ದನಕರು, ನಾಯಿಗಳು ಸತ್ತ ಪ್ರಸಂಗಗಳು ಅನೇಕ ದೇಶಗಳಲ್ಲಿ ನಡೆದಿವೆ. ಸಂಶಯ ಬಂದ ದಿನವೇ ದನ ಹೊಡೆಯುವುದನ್ನೂ ಮಕ್ಕಳು ಈಜುವುದನ್ನೂ ನಿಲ್ಲಿಸಿ. ಕಾಯಿಸಿದರೂ ಈ ವಿಷ ಹೋಗುವುದಿಲ್ಲ.

ನೀರಿನ ಮೇಲೆ ನವಿಲಿನ ಬಣ್ಣದ ಪೊರೆಯಿದ್ದರೆ ಎಣ್ಣೆಯೆಂದು ಕೂಡಲೆ ಯಾರನ್ನೂ ದೂರಬೇಡಿ. ಕೋಲಿನಿಂದ ಪೊರೆಯನ್ನು ಒಡೆಯಿರಿ. ತುಂಡು ತುಂಡಾಗಿ ಹೆಂಚಿನ ಚೂರಿನಂತೆ ಬೇರೆ ಬೇರೆ ನಿಂತರೆ ಅದು ಕಬ್ಬಿಣ ತಿನ್ನುವ ಸೂಕ್ಷ್ಮ ಜೀವಿಗಳ ಪೊರೆ. ಸುತ್ತಿಕೊಂಡು ಮತ್ತೆ ಕೂಡಿಕೊಂಡರೆ ಮಾತ್ರ ಎಣ್ಣೆ.

ಕಣ್ಣಿಗೆ ಕಾಣದ ದೋಷ

ಇಲ್ಲಿಯ ತನಕ ಹೇಳಿದ್ದು ಕಾಣುವ ದೋಷ. ಕಪ್ಪು ಕಲೆ ನೋಡಲು ಕೆಟ್ಟದ್ದು, ಆದರೆ ಕಲೆಯೊಂದರಿಂದಲೇ ಯಾರೂ ಸತ್ತಿಲ್ಲ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿ ರೋಗವಿರಬಹುದು ಎಂಬುದನ್ನು ಮರೆಯಬಾರದು.

ಮೆಟ್ಟಿಲ ಬಾವಿಯ ಒಂದು ಹಳೆಯ ಪಾಠವನ್ನು ಇಲ್ಲಿ ಹೇಳಬೇಕು. ನಾರುಹುಣ್ಣು ಎಂಬ ರೋಗ ಕರ್ನಾಟಕವೂ ಸೇರಿ ಏಳು ರಾಜ್ಯಗಳನ್ನು ಕಾಡುತ್ತಿತ್ತು. ಕಾಲಿನಿಂದ ದಾರದಂತಹ ಹುಳು ಹೊರಬರುತ್ತಿದ್ದ ರೋಗಿ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟಾಗ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಅವನ್ನು ತಿಂದ ನೀರುಚಿಗಟವನ್ನು ನೀರಿನೊಡನೆ ಕುಡಿದವನಿಗೆ ಸುಮಾರು ಒಂದು ವರ್ಷದ ಮೇಲೆ ಅದೇ ರೋಗ. 1983-84ರಲ್ಲಿ ದೇಶದಲ್ಲಿ ಇದರ ನಿರ್ಮೂಲನ ಕಾರ್ಯಕ್ರಮ ಮೊದಲಾಯಿತು. ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. 1996ರಲ್ಲಿ ಕೊನೆಯ ರೋಗಿ ಕಂಡುಬಂದ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಆ ರೋಗ ಹೋಯಿತು, ಪಾಠ ಉಳಿಯಿತು: ಕಾಲಿಟ್ಟು ಇಳಿಯುವ ನೀರು ಕುಡಿಯುವ ನೀರಲ್ಲ.

ಈಜುವವರಿಗೂ ಒಂದು ಮಾತು. ಬೆಚ್ಚಗಿನ ನಿಂತ ಸಿಹಿನೀರಿನಲ್ಲಿ ಒಂದು ಬಗೆಯ ಅಮೀಬಾ ಇರುವುದುಂಟು. ನೀರು ಮೂಗಿನೊಳಗೆ ಮೇಲಕ್ಕೆ ಏರಿದಾಗ ಅದು ಮಿದುಳನ್ನು ಸೇರುತ್ತದೆ. ರೋಗ ಅಪರೂಪ, ಬಂದರೆ ಬದುಕುವವರು ಕಡಿಮೆ. 2024 ಮತ್ತು 2025ರಲ್ಲಿ ಪಕ್ಕದ ಕೇರಳದಲ್ಲಿ ಇಂಥ ಪ್ರಕರಣಗಳು ಕಂಡುಬಂದವು, ಕೆರೆಕೊಳಗಳಲ್ಲಿ ಮಿಂದ ಮಕ್ಕಳೂ ಸತ್ತರು. ಪಾಳುಬಿದ್ದ ಕಲ್ಯಾಣಿಯಲ್ಲಿ, ಅದರಲ್ಲಿಯೂ ನೀರು ತಗ್ಗಿ ಬಿಸಿಯಾದ ಬೇಸಿಗೆಯಲ್ಲಿ, ಮಕ್ಕಳು ಧುಮುಕುವುದನ್ನು ಬಿಡಿಸಿ. ಈಜಿದ ಕೆಲವು ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ವಾಂತಿ, ಕತ್ತಿನ ಬಿಗಿತ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಈಜಿದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರವೂ ಬರುತ್ತದೆ. ಕಾಲಿಗೆ ಗಾಯವಿದ್ದವರು ಇಳಿಯಬಾರದು.

ಇನ್ನು ಗೊಬ್ಬರದಿಂದ ಬರುವ ನೈಟ್ರೇಟ್, ನೆಲದಿಂದ ಬರುವ ಫ್ಲೋರೈಡ್ ಇವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತವೆ. ಇವುಗಳನ್ನು ತಿಳಿಯಲು ಪ್ರಯೋಗಶಾಲೆಯೇ ಬೇಕು. ಗ್ರಾಮ ಪಂಚಾಯಿತಿಯ ಮೂಲಕ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ. ವರದಿಯಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರು ಕುಡಿಯಲು ಸಲ್ಲದು.

ಯಾವ ಕಾರಣಕ್ಕೆ ಯಾವ ಉಪಾಯ

ಕಾರಣ ಗೊತ್ತಾದ ಮೇಲೆ ಉಪಾಯ ಕಷ್ಟವಲ್ಲ.

ಎಲೆಯ ಕಪ್ಪಾದರೆ ನೀರಿನ ಮೇಲೆ ಚಾಚಿದ ಕೊಂಬೆಗಳನ್ನು ಸವರಿ, ಎಲೆ ಉದುರುವ ಕಾಲದಲ್ಲಿ ವಾರಕ್ಕೊಮ್ಮೆ ಬಲೆಯಿಂದ ಎಲೆ ತೆಗೆಯಿರಿ. ಕಲೆ ಬಿಸಿಲಿಗೆ ತಾನೇ ಮಾಸುತ್ತದೆ.

ಹಸಿರು ನೀರಾದರೆ ಅದರ ಮೂಲ ದಡದ ಮೇಲಿದೆ. ಪಾಚಿಯೂ ಒಂದು ಬೆಳೆಯೇ. ಅದಕ್ಕೆ ಗೊಬ್ಬರ ಸಿಕ್ಕಿದರೆ ಬೆಳೆಯುತ್ತದೆ. ತಿಪ್ಪೆಯ ರಸ, ಯೂರಿಯಾ ಹಾಕಿದ ಹೊಲದ ನೀರು, ಸೋಪಿನ ನೀರು, ದನದ ಸಗಣಿ ಮೂತ್ರ ಇವೇ ಆ ಗೊಬ್ಬರ. ತಿಪ್ಪೆ ಮತ್ತು ಶೌಚದ ಗುಂಡಿಗಳು ನೀರಿನಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಅದೂ ಇಳಿಜಾರಿನ ಕೆಳಭಾಗದಲ್ಲಿ ಇರಬೇಕು. ಬಟ್ಟೆ ಒಗೆಯಲು, ದನಕ್ಕೆ ಕುಡಿಸಲು ಹೊರಗೆ ಬೇರೆ ತೊಟ್ಟಿ ಕಟ್ಟಿಸಿ. ಔಷಧ ಸಿಂಪಡಿಸುವ ಯಂತ್ರವನ್ನು ಕಲ್ಯಾಣಿಯಲ್ಲಾಗಲಿ ಅದರ ದಡದಲ್ಲಾಗಲಿ ತೊಳೆಯಲೇಕೂಡದು. ಮೈಲುತುತ್ತ ಹಾಕಿದರೆ ಪಾಚಿ ಸಾಯುತ್ತದೆಂಬುದು ನಿಜ. ಆದರೆ ಮೀನೂ ಸಾಯುತ್ತದೆ, ಸತ್ತ ಪಾಚಿ ಕೊಳೆತು ನೀರು ಇನ್ನಷ್ಟು ಕೆಡುತ್ತದೆ. ನೀಲಿ-ಹಸಿರು ಪಾಚಿಯಾದರೆ ಅದರೊಳಗಿನ ವಿಷವೆಲ್ಲ ಒಮ್ಮೆಗೇ ನೀರಿಗೆ ಬರುತ್ತದೆ.

ಖನಿಜದ ಕಪ್ಪಾದರೆ ಬ್ಲೀಚಿಂಗ್ ಪುಡಿ ಸುರಿದ ಮಾರನೆಯ ದಿನ ನೀರು ಕಾಫಿಯ ಬಣ್ಣಕ್ಕೆ ತಿರುಗಿದೀತು. ಪುಡಿ ಕೆಟ್ಟಿತೆಂದು ಅಂಗಡಿಯವನೊಡನೆ ಜಗಳವಾಡಬೇಡಿ. ಕರಗಿದ್ದ ಕಬ್ಬಿಣ, ಮ್ಯಾಂಗನೀಸ್ ಕ್ಲೋರಿನ್ ತಾಕಿ ಹೊರಬಿದ್ದಿದೆ, ಅಷ್ಟೇ. ಇಂಥ ಒರತೆಯ ನೀರನ್ನು ಕಲ್ಲಿನ ಮೇಲೆ ತೆಳ್ಳಗೆ ಹರಿಸಿ ಗಾಳಿಯಾಡಿಸಿ, ಮರಳಿನಲ್ಲಿ ಸೋಸಿದರೆ ಕಬ್ಬಿಣದ ಬಹುಭಾಗ ಹೋಗುತ್ತದೆ. ಮ್ಯಾಂಗನೀಸ್ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಹೂಳಿನ ಕಪ್ಪಾದರೆ ಬೇಸಿಗೆಯ ಕೊನೆಯಲ್ಲಿ, ನೀರು ತಾನಾಗಿ ತಗ್ಗಿದಾಗ, ಹೂಳೆತ್ತಿ. ತುಂಬಿದ ಕಲ್ಯಾಣಿಯನ್ನು ಒಂದೇ ರಾತ್ರಿಯಲ್ಲಿ ಬತ್ತಿಸಬೇಡಿ. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಮುಂದಿನ ನೀರಿನ ಆಸರೆ ಒಮ್ಮೆಲೆ ತಪ್ಪಿದರೆ ಹಿಂದಿನ ಒತ್ತಡಕ್ಕೆ ಗೋಡೆಯೇ ಒಳಕ್ಕೆ ಉರುಳಬಹುದು. ಕೆಲವು ದಿನಗಳ ಕಾಲ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ತೆಗೆದ ಹೂಳನ್ನು ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ ಹೊಲಕ್ಕೆ ಹಾಕಬಹುದು. ಚರಂಡಿ ಸೇರುವ ಅಥವಾ ಗಣಿಯ ನೀರು ಬರುವ ಕಡೆಯ ಹೂಳನ್ನು ಮಾತ್ರ ಪರೀಕ್ಷೆ ಮಾಡಿಸದೆ ಹೊಲಕ್ಕೆ ತರಬೇಡಿ.

ಕಲ್ಲಿನ ಮೇಲಿನ ಪಾಚಿಗೆ ನೀರು ಮತ್ತು ತೆಂಗಿನ ನಾರಿನ ಬ್ರಷ್ ಸಾಕು. ತಂತಿ ಬ್ರಷ್‌ನಿಂದ ಬಳಪದ ಕಲ್ಲಿನ ಮೇಲೆ ಗೀರು ಬೀಳುತ್ತದೆ, ಆಸಿಡ್‌ನಿಂದ ಸುಣ್ಣದ ಗಾರೆ ಕರಗುತ್ತದೆ. ಹಳೇಬೀಡಿನ ಹತ್ತಿರದ ಹುಲಿಕೆರೆ, ಸಂತೇಬೆನ್ನೂರು, ಲಕ್ಕುಂಡಿ ಇಲ್ಲಿಯ ಕೊಳಗಳನ್ನು ನೋಡಿದವರಿಗೆ ಹಿಂದಿನವರ ಕಲ್ಲಿನ ಕೆಲಸದ ಬೆಲೆ ಗೊತ್ತು. ನಿಮ್ಮೂರಿನದು 1958ರ ಕೇಂದ್ರ ಕಾಯಿದೆಯ ಅಥವಾ 1961ರ ರಾಜ್ಯ ಕಾಯಿದೆಯ ಪ್ರಕಾರ ರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬಾರದು.

ಬ್ಲೀಚಿಂಗ್ ಪುಡಿಯ ಲೆಕ್ಕ

ಕಸ, ಹೂಳು, ಪಾಚಿ ತೆಗೆದ ಮೇಲೆಯೇ ಬ್ಲೀಚಿಂಗ್ ಪುಡಿಯ ಸರದಿ. ಅದಕ್ಕೆ ಮೊದಲು ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ. ತಿಳಿಯಾದ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಬೇಕು. ಒಳ್ಳೆಯ ಪುಡಿಯೆಂದರೆ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಕೊಡುವಂಥದು. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಗೆ ಆ ಶಕ್ತಿ ಇರುವುದಿಲ್ಲ.

ಚೌಕದ ಕಲ್ಯಾಣಿಗೆ ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಗುಣಿಸಿ 1,000ದಿಂದ ಗುಣಿಸಿದರೆ ಲೀಟರುಗಳು ಸಿಕ್ಕುತ್ತವೆ. ಮೆಟ್ಟಿಲುಗಳಿರುವುದರಿಂದ ಉದ್ದ ಅಗಲಗಳನ್ನು ಅರ್ಧ ಆಳದ ಮಟ್ಟದಲ್ಲಿ ಅಳೆಯಿರಿ. 12 ಮೀಟರ್ ಉದ್ದ, 12 ಮೀಟರ್ ಅಗಲ, 2 ಮೀಟರ್ ಆಳವಾದರೆ 2,88,000 ಲೀಟರ್. ಅದಕ್ಕೆ 720 ಗ್ರಾಂ ಪುಡಿ. ದುಂಡು ಬಾವಿಗೆ ವ್ಯಾಸವನ್ನು ವ್ಯಾಸದಿಂದ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, 1,000ದಿಂದ ಗುಣಿಸಬೇಕು. 3 ಮೀಟರ್ ವ್ಯಾಸ, 4 ಮೀಟರ್ ನೀರಾದರೆ 28,260 ಲೀಟರ್. ಪುಡಿ ಸುಮಾರು 70 ಗ್ರಾಂ ಮಾತ್ರ. ಚೀಲವನ್ನೇ ಸುರಿಯುವವರು ಈ ಲೆಕ್ಕವನ್ನು ಗಮನಿಸಬೇಕು.

ಪುಡಿಯನ್ನು ಬಕೆಟ್ಟಿನಲ್ಲಿ ಹಿಟ್ಟಿನಂತೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ಟು ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ನಿಲ್ಲುತ್ತದೆ. ತಿಳಿಯನ್ನು ಮಾತ್ರ ನೀರಿಗೆ ಸೇರಿಸಿ ಚೆನ್ನಾಗಿ ಕಲಕಿ. ಬಿಸಿಲಿಗೆ ಕ್ಲೋರಿನ್ ಬೇಗ ಹೋಗುವುದರಿಂದ ಸಂಜೆ ಹಾಕುವುದು ಮೇಲು. ಕನಿಷ್ಠ ಒಂದು ಗಂಟೆ ನೀರನ್ನು ಮುಟ್ಟಬಾರದು. ಮೀನು ಸಾಕಿದ ಕೊಳಕ್ಕೆ ಇದನ್ನು ಹಾಕಬೇಡಿ. ತೆರೆದ ಕಲ್ಯಾಣಿಯಲ್ಲಿ ಇದರ ಪ್ರಭಾವ ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲವೆಂಬುದನ್ನೂ ನೆನಪಿಡಿ. ನೀರು ಬರುವ ದಾರಿಯ ಕೊಳೆಯನ್ನು ತಡೆಯದೆ ಪುಡಿಯನ್ನೇ ನಂಬಿದರೆ ಹಣವೂ ಹೋಯಿತು, ಕೆಲಸವೂ ಕೆಟ್ಟಿತು.

ಈಗ ನೀವು ಮಾಡಬೇಕಾದದ್ದು

ಬರುವ ಭಾನುವಾರ ನಾಲ್ಕು ಜನ ಸೇರಿ ನಿಮ್ಮೂರ ಕಲ್ಯಾಣಿಯ ದಡದಲ್ಲಿ ಒಂದು ಸುತ್ತು ಹಾಕಿ. ಕಲೆ ಎಲ್ಲಿದೆ, ನೀರು ಎಲ್ಲಿಂದ ಬರುತ್ತದೆ, ಯಾವ ತಿಪ್ಪೆ ಯಾವ ಚರಂಡಿ ಅದರ ಕಡೆಗೆ ವಾಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿ. ಎರಡು ಸೀಸೆಯಲ್ಲಿ ನೀರು ತನ್ನಿ. ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿ ಫಲವನ್ನು ಬರೆದಿಡಿ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಿ. ಹೂಳೆತ್ತಲು, ತೊಟ್ಟಿ ಕಟ್ಟಲು ಯಾವ ಬಾಬಿನಿಂದ ಹಣ ಸಿಕ್ಕೀತೆಂದು ಪಂಚಾಯಿತಿಯಲ್ಲಿ ವಿಚಾರಿಸಿ. ಕಲ್ಯಾಣಿ ಕೆಟ್ಟಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಕೇಳಿದವರು ಹೌದೆಂದು ತಲೆಯಾಡಿಸಿ ಹೋಗುತ್ತಾರೆ. ಇಂಥ ಕಡೆಯಿಂದ ಇಂಥ ಕೊಳೆ ಬರುತ್ತಿದೆ ಎಂದು ಬರೆದು ತೋರಿಸಿದರೆ ಕೆಲಸ ಮುಂದಕ್ಕೆ ಹೋಗುತ್ತದೆ.

ಅಲ್ಲಿಯ ತನಕ ಒಂದು ಕೆಲಸವನ್ನು ಮಾತ್ರ ನಾಳೆಗೆ ಬಿಡಬೇಡಿ. ನೀರು ಶುದ್ಧವೆಂದು ಖಚಿತವಾಗುವ ತನಕ ಮಕ್ಕಳು ಈಜಲು ಇಳಿಯದಂತೆ ಮೆಟ್ಟಿಲ ಬಾಯಿಗೆ ಒಂದು ಅಡ್ಡಗಳ ಕಟ್ಟಿ, ಪಕ್ಕದ ಕಂಬಕ್ಕೆ ಒಂದು ಗಟ್ಟಿ ಹಗ್ಗವನ್ನೂ ಗಾಳಿ ತುಂಬಿದ ಹಳೆಯ ಟ್ಯೂಬನ್ನೂ ನೇತುಹಾಕಿ. ಇದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.